ಅಟ್ಟದ ಬಾಯಿ

ಏಪ್ರಿಲ್ 9

ಸಮಸ್ತ ಲೋಕಕ್ಕೆ, ವಿಶೇಷವಾಗಿ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಸಕಲ ತೆಂಗಿನ ಮರಗಳಿಗೆ, ಈ ಮೂಲಕ ತಿಳಿಯಪಡಿಸುವುದೇನೆಂದರೆ: ಇಂದು ಬೆಳಿಗ್ಗೆ ತಿಂಡಿಯಾದ ಮೇಲೆ ಶ್ರೀಮಾನ್ ಸದಾಶಿವಯ್ಯನವರ, ಅಂದರೆ ನನ್ನ, ಹೊಟ್ಟೆಯು ನಮ್ಮ ಕೊಬ್ಬರಿ ಅಟ್ಟದ ಬಾಯಿಗಿಂತ ದೊಡ್ಡದಾಗಿರುವುದು ಖಚಿತಪಟ್ಟಿದೆ. ತಲೆ ಅಟ್ಟದೊಳಗೆ, ಕಾಲು ಏಣಿಯ ಮೇಲೆ, ನಡುಭಾಗ ತ್ರಿಶಂಕುವಿನ ವಶದಲ್ಲಿ. ಗಿರಿಜಾಂಬಿಕಾ ಕೆಳಗಿನಿಂದ ಎರಡೂ ಕಾಲು ಹಿಡಿದು ಎಳೆದಳು.

"ಉಸಿರು ಬಿಡ್ರೀ. ಒಳಗೆಳ್ಕೋಬೇಡಿ, ಬಿಡಿ."

"ಇನ್ನೆಷ್ಟು ಬಿಡ್ಲೇ, ಬಿಟ್ರೆ ಜೀವಾನೇ ಹೋಗುತ್ತೆ."

"ಹೋದ್ರೆ ಸಲೀಸಾಗಿ ಇಳೀತೀರಿ."

ಕೊನೆಗೆ ಬನಿಯನ್ನು ಅಲ್ಲೇ ಉಳಿದು ನಾನು ಮಾತ್ರ ಇಳಿದೆ.

ಈ ಅಟ್ಟ ನಮ್ಮ ತಾತ ಕಟ್ಟಿಸಿದ್ದು. ಹಿತ್ತಲ ಕೊಟ್ಟಿಗೆಯ ಮೇಲೆ, ಶೀಟಿನ ಕೆಳಗೆ, ಕುಕ್ಕರಗಾಲಲ್ಲಿ ಕೂತರೂ ತಲೆ ತಾಕುವಷ್ಟು ಎತ್ತರ. ಗಾಳಿಯಾಡಲಿ ಅಂತ ನೆಲಕ್ಕೆ ಅಡಿಕೆ ಮರ ಸೀಳಿದ ದಬ್ಬೆ, ದಬ್ಬೆಗೂ ದಬ್ಬೆಗೂ ನಡುವೆ ಸಂದು. ಮಟ್ಟೆ ಸಮೇತ ಕಾಯಿ ತುಂಬಿ ವರ್ಷದ ಹತ್ತಿರ ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಆದರೆ ಎಲ್ಲ ಕಾಯಿಯೂ ಒಟ್ಟಿಗೆ ಆಗುವುದಿಲ್ಲ. ಯಾರಾದರೂ ಒಳಗೆ ತೆವಳಿ ಹೋಗಿ ಒಂದೊಂದನ್ನೂ ಕಿವಿಯ ಹತ್ತಿರ ಅಲುಗಾಡಿಸಬೇಕು. ಗುಳುಗುಳು ಅಂದರೆ ನೀರಿದೆ, ಇರಲಿ. ಲೊಡಲೊಡ ಅಂದರೆ ಕೊಬ್ಬರಿ, ಕೆಳಗೆ ಹಾಕು. ಏನೂ ಅನ್ನದಿದ್ದರೆ ಕೊಳೆತಿದೆ. ನಾನು ಚಡ್ಡಿ ಹಾಕುವ ವಯಸ್ಸಿನಿಂದ ಈ ಕೆಲಸ ಮಾಡಿದವನು.

ಬಾಯಿಯನ್ನು ತಾತ ಬೇಕೆಂದೇ ಕಿರಿದು ಮಾಡಿಸಿದ್ದು, ಕಳ್ಳರು ಹತ್ತದಿರಲಿ ಅಂತ. ಮಗ, ಮೊಮ್ಮಗನ ಹೊಟ್ಟೆಯ ಭವಿಷ್ಯ ಅವನಿಗೆ ಹೊಳೆಯಲಿಲ್ಲ.

"ಆಚಾರೀನ ಕರೆಸಿ ಬಾಯಿ ಅಗಲ ಮಾಡ್ಸಿ" ಅಂದಳು ಗಿರಿಜಾಂಬಿಕಾ.

"ತಾತನ ಕಾಲದ ಹೊನ್ನೆ ತೊಲೆ ಕಣೇ. ಅದಕ್ಕೆ ಗರಗಸ ಹಾಕೋಕೆ ಕೈ ಬರುತ್ತಾ?"

"ಹಂಗಾದ್ರೆ ಹೊಟ್ಟೆಗೆ ಹಾಕ್ಸಿ."

ನಿವೃತ್ತ ಇತಿಹಾಸ ಮೇಷ್ಟರಿಗೆ ಮನೆಯಲ್ಲಿ ಸಿಗುವ ಗೌರವ ಇಷ್ಟು. ವಾರಪತ್ರಿಕೆಯ ನಗೆ ಅಂಕಣದಲ್ಲಿ ಊರನ್ನೆಲ್ಲ ನಗಿಸುತ್ತೇನೆ. ಈ ದಿನಚರಿ ಪುಸ್ತಕದಲ್ಲಿ ನಗಿಸಬೇಕಾಗಿರುವುದು ನನ್ನೊಬ್ಬನನ್ನೇ, ಅದೇ ಕಷ್ಟ.

ಏಪ್ರಿಲ್ 16

ಯೋಗೀಶ ಫೋನ್ ಮಾಡಿದ್ದ. ಹೈಸ್ಕೂಲಿನಲ್ಲಿ ನನ್ನ ಶಿಷ್ಯ. ಆಗ ಕೊನೇ ಬೆಂಚು, ಈಗ ಸರ್ಕಾರಿ ಜೀಪಿನ ಮುಂದಿನ ಸೀಟು. ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಂಡಿದ್ದಾರಾ ಅಂತ ತಪಾಸಣೆ ಮಾಡುವ ಅಧಿಕಾರಿ.

"ಸಾರ್, ಜೂನ್ ಹನ್ನೆರಡಕ್ಕೆ ಬಾಲಕಾರ್ಮಿಕ ವಿರೋಧಿ ದಿನ. ತಿಪಟೂರಲ್ಲಿ ಕಾರ್ಯಕ್ರಮ. ಭಾಷಣ ನೀವೇ ಮಾಡ್ಬೇಕು. ನೀವು ಆಗ ಪಾಠ ಮಾಡಿದ್ರಲ್ಲ, ಇಂಗ್ಲೆಂಡಿನ ಮಿಲ್ಲು, ಹೊಗೆಗೂಡಿನೊಳಗೆ ಹತ್ತಿ ಮಸಿ ಗುಡಿಸೋ ಹುಡುಗ್ರು, ಅದು ನಂಗಿನ್ನೂ ಹಂಗೇ ಕಣ್ಮುಂದೆ ಐತೆ ಸಾರ್."

ಪರೀಕ್ಷೆಯಲ್ಲಿ ಮಾತ್ರ ಯಾಕೆ ಕಣ್ಮುಂದೆ ಬರಲಿಲ್ಲ ಅಂತ ಕೇಳಲಿಲ್ಲ. ದೊಡ್ಡ ಅಧಿಕಾರಿ.

ಹಳೆಯ ಟಿಪ್ಪಣಿ ತೆಗೆದು ಕೂತೆ. ಎಂಥ ಜನ ಆ ಮಿಲ್ಲಿನ ಧಣಿಗಳು. ಓಡುವ ಯಂತ್ರದ ಅಡಿಗೆ ಮಕ್ಕಳನ್ನು ತೆವಳಿಸಿ ಉದುರಿದ ಹತ್ತಿ ಬಾಚಿಸುತ್ತಿದ್ದರು. ಕೇಳಿದರೆ ಉತ್ತರ ಸಿದ್ಧ. ಮಕ್ಕಳ ಮೈ ಸಣ್ಣದು, ದೊಡ್ಡವರು ಹೋಗದ ಕಡೆ ಹೋಗುತ್ತದೆ. ಬೀದಿಯಲ್ಲಿ ಅಲೆದು ಕೆಡುವುದಕ್ಕಿಂತ ಇಲ್ಲಿ ಆಟದ ಹಾಗೆ ಕೆಲಸ ಕಲಿಯುತ್ತವೆ. ನಾವು ಹೆತ್ತ ಮಕ್ಕಳ ಹಾಗೆ ನೋಡಿಕೊಳ್ಳುತ್ತೇವೆ. ನಾವು ಬಿಟ್ಟರೆ ಇವಕ್ಕೆ ಅನ್ನ ಹಾಕುವವರು ಯಾರು? ಇಷ್ಟನ್ನೂ ನಗದೆ ಹೇಳುತ್ತಿದ್ದರಂತೆ. ನಗೆ ಅಂಕಣಕಾರನಾಗಿ ನನಗೆ ಹೊಟ್ಟೆಕಿಚ್ಚಾಗುತ್ತದೆ. ನಾನು ಬರೆದಿದ್ದರೆ ನಡುವೆ ಎಲ್ಲಾದರೂ ನಕ್ಕುಬಿಡುತ್ತಿದ್ದೆ.

ಏಪ್ರಿಲ್ 22

ಚಿಪ್ಪು ಒಡೆಯುವುದಕ್ಕೆ ಹಾಲಮ್ಮ ಬಂದಳು. ಕೊಬ್ಬರಿ ಉಂಡೆಗೆ ಏಟು ಬೀಳದ ಹಾಗೆ ಚಿಪ್ಪು ಬಿಡಿಸುವುದರಲ್ಲಿ ಊರಿಗೇ ಪಳಗಿದ ಕೈ. ಜೊತೆಗೆ ಮೊಮ್ಮಗಳು ಸ್ಪಂದನ. ಹನ್ನೊಂದು ವರ್ಷ. ತಾಯಿ ತೀರಿಕೊಂಡಿದ್ದಾಳೆ, ತಂದೆ ಬೇರೆ ಸಂಸಾರ ಕಟ್ಟಿದ್ದಾನೆ.

"ರಜ ಅಲ್ವಾ ಮೇಷ್ಟ್ರೇ, ಮನೇಲಿ ಒಂದನ್ನೇ ಬುಟ್ಟು ಬರಕ್ಕಾಗಲ್ಲ. ಇಲ್ಲೇ ನೆಳ್ಳಲ್ಲಿ ಕೂತಿರ್ತದೆ ಬುಡಿ."

ಹುಡುಗಿ ವಸತಿ ಶಾಲೆಯ ಪರೀಕ್ಷೆ ಪಾಸಾಗಿದ್ದಾಳೆ. ತಿಪಟೂರಿನ ಹೊರಗಿದೆ ಆ ಶಾಲೆ. ಊಟ, ಬಟ್ಟೆ, ಪುಸ್ತಕ ಎಲ್ಲ ಅವರದೇ. ಆರನೇ ಕ್ಲಾಸಿಗೆ ಸೇರಬೇಕು. ಜೂನ್ ಹನ್ನೆರಡರೊಳಗೆ ಹೋಗಿ ಸೇರದಿದ್ದರೆ ಆ ಸೀಟು ಮುಂದಿನ ಮಗುವಿಗೆ. ಇದನ್ನು ಹೇಳುವಾಗ ಹಾಲಮ್ಮ ಕೈಯಲ್ಲಿದ್ದ ಕಾಯಿಯನ್ನೇ ಮರೆತಳು. ಅವರ ಕೇರಿಯಿಂದ ಆ ಶಾಲೆಗೆ ಹೋಗುವವಳು ಇವಳೇ ಮೊದಲಂತೆ.

ಅಟ್ಟದ ನನ್ನ ಕಷ್ಟ ಹೇಳಿಕೊಂಡೆ. ದೊಡ್ಡಾಳು ಯಾರೂ ಆ ಬಾಯಲ್ಲಿ ತೂರುವುದಿಲ್ಲ, ತೂರುವಷ್ಟು ಬಡಕಲಾಗಿರುವವರಿಗೆ ಈ ಸೀಮೆಯಲ್ಲಿ ಬಿಡುವಿಲ್ಲ.

"ಅಜ್ಜಿ, ನಾನ್ ಹತ್ಲಾ?" ಅಂದಳು ಸ್ಪಂದನ. ಇದನ್ನು ಇಲ್ಲಿ ದಾಖಲಿಸುತ್ತಿದ್ದೇನೆ, ಕೇಳಿದ್ದು ಅವಳೇ. ಅಳಿಲಿನ ಹಾಗೆ ಹತ್ತಿದಳು. ಮೊದಲು ಕೆಳಗೆ ಬಿದ್ದದ್ದು ನನ್ನ ಬನಿಯನ್ನು.

"ಸಾರ್, ಇದು ಲೊಡಲೊಡ ಅಂತೈತೆ."

"ಸಾರ್ ಅನ್ನಬೇಡ ಮಗಾ. ತಾತ ಅನ್ನು."

ಎಷ್ಟು ಖುಷಿಯಾಗಿದ್ದಳು ಅಂದರೆ ನನಗೇ ಮತ್ತೆ ಚಡ್ಡಿ ಹಾಕಬೇಕೆನಿಸಿತು.

ಮೇ 5

ಅಟ್ಟದ ಒಂದು ಮೂಲೆ ಖಾಲಿಯಾಯಿತು. ಸ್ಪಂದನ ದಿನವೂ ಬರುತ್ತಾಳೆ. ಕೂಲಿ ಕೊಡೋಣ ಅಂತ ಗಿರಿಜಾಂಬಿಕಾ ಹೇಳಿದಳು. ಕೊಟ್ಟರೆ ಅದು ಬಾಲಕಾರ್ಮಿಕ ಪದ್ಧತಿಯಾಗುತ್ತದೆ ಅಂತ ವಿವರಿಸಿದೆ. ಕಾನೂನಿಗೆ ತಲೆಬಾಗಿ ಬರೀ ಬಿಸ್ಕತ್ತು ಕೊಡುತ್ತಿದ್ದೇನೆ.

ತುಮಕೂರಿನಿಂದ ಮೊಮ್ಮಗಳು ಇಂಪನಾ ಬಂದಿದ್ದಾಳೆ. ಅವಳಿಗೂ ಹನ್ನೊಂದು. ತಾನೂ ಅಟ್ಟ ಹತ್ತುತ್ತೇನೆ ಅಂತ ಹಟ ಮಾಡಿ ಹತ್ತಿದಳು. ಇಬ್ಬರೂ ಮೇಲೆ ಕಿಲಕಿಲ ನಗುತ್ತಿದ್ದರು. ಇಳಿದ ಮೇಲೆ ಇಂಪನಾಗೆ ಒಂದೇ ಸಮ ಕೆಮ್ಮು, ಕಣ್ಣೆಲ್ಲ ಕೆಂಪು. ತಿಪಟೂರಿಗೆ ಕರೆದುಕೊಂಡು ಓಡಿದೆವು. ಧೂಳು ಆಗುವುದಿಲ್ಲ, ಇನ್ನು ಆ ಜಾಗಕ್ಕೆ ಬಿಡಲೇಬೇಡಿ ಅಂದರು ಡಾಕ್ಟರು. ಅವಳಮ್ಮ ಫೋನಿನಲ್ಲಿ ನನಗೆ ಮಾಡಿದ ಪಾಠವನ್ನು ಇಲ್ಲಿ ಬರೆಯಲು ಜಾಗ ಸಾಲದು.

ವಾಪಸು ಬಂದಾಗ ಸ್ಪಂದನ ಮೇಲೇ ಇದ್ದಳು. ಅವಳಿಗೆ ಧೂಳು ಏನೂ ಮಾಡುವುದಿಲ್ಲ. ಅಭ್ಯಾಸ. ಈ ಮಕ್ಕಳ ಮೈಕಟ್ಟೇ ಬೇರೆ.

ಮೇ 20

ಕೊಬ್ಬರಿ ಧಾರಣೆ ಏರುತ್ತಿದೆ. ಊರಿನ ಅಟ್ಟಗಳೆಲ್ಲ ಬಾಯಿ ತೆರೆದು ಕೂತಿವೆ, ಹಸಿದ ಮಕ್ಕಳ ಹಾಗೆ. ಉಪಮೆ ಚೆನ್ನಾಗಿದೆ, ಭಾಷಣಕ್ಕೆ ಇಟ್ಟುಕೊಳ್ಳಬೇಕು.

ಆಚಾರಿ ತಾನಾಗಿಯೇ ಬಂದಿದ್ದ. ತೊಲೆ ಕುಯ್ದು ಬಾಯಿ ಅಗಲ ಮಾಡುವುದು ಅರ್ಧ ದಿನದ ಕೆಲಸವಂತೆ. ಈಗ ಬೇಡ, ಸುಗ್ಗಿ ಮುಗಿಯಲಿ ಅಂದೆ. ತಾತನ ತೊಲೆ. ಅಲ್ಲದೆ ಈಗ ತೊಂದರೆಯೇನೂ ಇಲ್ಲವಲ್ಲ.

ಜೂನ್ 2

ಊರಿನ ಶಾಲೆ ಶುರುವಾಯಿತು. ಸ್ಪಂದನ ಹೋಗುತ್ತಿಲ್ಲ. ಹೇಗೂ ವಸತಿ ಶಾಲೆಗೆ ಹೋಗುವವಳು, ಇಲ್ಲಿ ನಾಲ್ಕು ದಿನಕ್ಕೆ ಯಾಕೆ ಹೆಸರು ಬರೆಸಬೇಕು? ಹಳೇ ಶಾಲೆಯಲ್ಲಿ ಇಲ್ಲ, ಹೊಸ ಶಾಲೆಯಲ್ಲಿ ಇನ್ನೂ ಇಲ್ಲ, ಆದ್ದರಿಂದ ಎಲ್ಲೂ ಗೈರುಹಾಜರಿಯಲ್ಲ. ಕಾನೂನಿನ ಚಮತ್ಕಾರ.

ಇವತ್ತು ಅವಳು ಇಳಿದಾಗ ಸ್ವಲ್ಪ ಕೆಮ್ಮಿದಳು. ಹವಾ ಬದಲಾಗಿದೆ, ಎಲ್ಲರಿಗೂ ಇದೆ.

ಜೂನ್ 7

ಹಾಲಮ್ಮ ಬಂದು ನಿಂತಳು.

"ಮೇಷ್ಟ್ರೇ, ನಾಳಿದ್ದು ಸೋಮವಾರ ಮಗೀನ ಶಾಲೆಗೆ ಬುಟ್ಟು ಬರ್ತೀನಿ. ಟ್ರಂಕು ತಂದಿವ್ನಿ. ಹಸಿರು ಬಣ್ಣದ್ದು. ರಾತ್ರಿ ಅದುನ್ನ ತಬ್ಕೊಂಡೇ ಮಲಗ್ತದೆ."

"ಸೋಮವಾರ ಯಾಕೆ ಹಾಲಮ್ಮ? ಹನ್ನೆರಡನೇ ತಾರೀಕು ನಾನೇ ತಿಪಟೂರಿಗೆ ಹೋಗ್ತೀನಿ. ಜೀಪು ಮನೆ ಬಾಗಿಲಿಗೇ ಬರುತ್ತೆ. ನೀನೂ ಮಗುವೂ ಅದರಲ್ಲೇ ಬನ್ನಿ. ಬಸ್ಸಲ್ಲಿ ಟ್ರಂಕು ಹೊತ್ಕೊಂಡು ಒದ್ದಾಡ್ತೀಯಾ?"

"ಅದು ಕಡೇ ದಿನ ಅಲ್ವಾ?"

"ಕಡೇ ದಿನವೂ ದಿನವೇ ಅಲ್ವೇನೇ. ಮೇಷ್ಟ್ರು ನಾನು ಹೇಳ್ತಿದೀನಿ."

"ಆಯ್ತು ಬುಡಿ" ಅಂದಳು. ಮೇಷ್ಟರ ಮಾತಿಗೆ ಈ ಊರಿನಲ್ಲಿ ಇನ್ನೂ ಬೆಲೆಯಿದೆ. ಅಟ್ಟದಲ್ಲಿ ಇನ್ನೊಂದು ಮೂಲೆ ಬಾಕಿ. ಅಷ್ಟರೊಳಗೆ ಆಗುತ್ತದೆ.

ಜೂನ್ 9

ಕೊಟ್ಟಿಗೆಯಲ್ಲಿ ಓಡಾಡುತ್ತ ಭಾಷಣ ಅಭ್ಯಾಸ ಮಾಡಿದೆ. ಹಾಲಮ್ಮ ಚಿಪ್ಪು ಒಡೆಯುತ್ತಿದ್ದಳು. ಯಂತ್ರದಡಿ ತೆವಳುವ ಮಕ್ಕಳ ಭಾಗ ಬಂದಾಗ ಮೇಲೆ ಕಾಯಿ ಉರುಳುವ ಸದ್ದು ನಿಂತಿತು. ದಬ್ಬೆಯ ಸಂದಿನಲ್ಲಿ ಒಂದು ಕಣ್ಣು.

"ತಾತ, ಆ ಮಕ್ಳು ಆಮೇಲೆ ಏನಾದ್ರು?"

"ಕಾನೂನು ಬಂತು ಮಗಾ. ಮಕ್ಕಳು ದುಡಿಯೋ ಹಂಗಿಲ್ಲ ಅಂತ."

"ಅದು ಬರೋ ಹೊತ್ಗೆ ಅವ್ರು ದೊಡ್ಡೋರಾಗಿದ್ರಾ?"

ಯಾವ ಪುಸ್ತಕದಲ್ಲೂ ಅದನ್ನು ಬರೆದ ನೆನಪಿಲ್ಲ. "ಮೊದಲು ಆ ಮೂಲೆ ಮುಗಿಸು" ಅಂದೆ.

ಜೂನ್ 12

ಭಾಷಣ ಚೆನ್ನಾಗಿ ಆಯಿತು. ಆಯಾಸ.

ಜೂನ್ 13

ನಿನ್ನೆಯದನ್ನು ಕ್ರಮವಾಗಿ ಬರೆದಿಡುವುದು ಒಳ್ಳೆಯದು. ಕ್ರಮವಾಗಿ ಬರೆದರೆ ಯಾರ ತಪ್ಪೂ ಅಲ್ಲ ಎಂಬುದು ತಾನಾಗಿ ತಿಳಿಯುತ್ತದೆ.

ಗಿರಿಜಾಂಬಿಕಾ ಬೆಳಗಿನ ಬಸ್ಸಿಗೇ ಕೆಂಕೆರೆಗೆ ಹೋಗಿದ್ದಳು, ಅವಳ ಅಕ್ಕ ಗುರುಶಾಂತಮ್ಮನ ಹೊಸ ಮನೆಯ ಗೃಹಪ್ರವೇಶಕ್ಕೆ. ಸ್ಪಂದನ ಬೇಗ ಬಂದು ಅಟ್ಟ ಹತ್ತಿದಳು. ಉಳಿದ ಒಂದಿಷ್ಟು ಮುಗಿಸಿ, ಇಳಿದು, ಇಲ್ಲೇ ಸ್ನಾನ ಮಾಡಿ ಹೊಸ ಬಟ್ಟೆ ಹಾಕಿಕೊಳ್ಳುವುದು, ಹತ್ತು ಗಂಟೆಗೆ ಹಾಲಮ್ಮ ಟ್ರಂಕು ತರುವುದು, ಜೀಪು ಬರುವುದು, ಎಲ್ಲರೂ ಹೊರಡುವುದು. ಇದು ಏರ್ಪಾಟು. ಇದರಲ್ಲಿ ತಪ್ಪೇನೂ ಇರಲಿಲ್ಲ.

ಜೀಪು ಮೊದಲೇ ಬಂತು. ಯೋಗೀಶ, ಇಬ್ಬರು ಸಹಾಯಕರು, ಒಬ್ಬ ಫೋಟೋಗ್ರಾಫರು. ದಾರಿಯಲ್ಲಿ ನಾಲ್ಕಾರು ಕೊಬ್ಬರಿ ಮನೆ ನೋಡಿಕೊಂಡು ಹೋಗೋಣ, ಮೊದಲ ಫೋಟೋ ಮೇಷ್ಟರ ಮನೆಯಲ್ಲೇ ಆಗಲಿ ಅಂತ. ನಾನು ಹಿತ್ತಲಲ್ಲಿದ್ದೆ. ಅಂಗಳದಲ್ಲಿ ಬೂಟಿನ ಸದ್ದು. ಸ್ಪಂದನ ಏಣಿಯ ಮೇಲೆ ಅರ್ಧ ಇಳಿದಿದ್ದಳು. ತಲೆ ತುಂಬ ನಾರು, ಹುಬ್ಬಿನ ಮೇಲೂ ಧೂಳು. ನೆಂಟರ ಹುಡುಗಿ ಅನ್ನೋಣವೆಂದರೆ ಇಂಥ ನೆಂಟರು ಯಾರಿಗಿದ್ದಾರೆ?

"ಮೇಲೇ ಇರು" ಅಂದೆ. "ನಾನು ಕರೆಯೋವರೆಗೂ ಸದ್ದು ಮಾಡ್ಬೇಡ."

ಸರಕ್ಕನೆ ಒಳಗೆ ಹೋದಳು. ಹೇಳಿದ ಮಾತು ಕೇಳುವ ಮಗು. ಏಣಿ ತೆಗೆದು ಹಿತ್ತಲ ಗೋಡೆಯ ಹಿಂದೆ ಮಲಗಿಸಿದೆ.

ಯೋಗೀಶ ನೇರವಾಗಿ ಕೊಟ್ಟಿಗೆಗೇ ಬಂದು ಕಾಲಿಗೆ ನಮಸ್ಕಾರ ಮಾಡಿದ. ಟೀ ಮಾಡಿಕೊಟ್ಟೆ. ಸಹಾಯಕ ಒಂದು ಚೀಟಿ ತೆಗೆದು ಕಂಬಕ್ಕೆ ಅಂಟಿಸಿದ, 'ಇಲ್ಲಿ ಬಾಲಕಾರ್ಮಿಕರು ಕೆಲಸ ಮಾಡುತ್ತಿಲ್ಲ'. ಅದರ ಪಕ್ಕ ನಾನು ನಿಂತೆ. ಫೋಟೋ ಆಯಿತು. ಆಗ ಮೇಲಿನಿಂದ ಒಂದು ಚಿಟಿಕೆ ಧೂಳು ಯೋಗೀಶನ ಟೀ ಲೋಟಕ್ಕೆ ಬಿತ್ತು.

ಅವನು ತಲೆಯೆತ್ತಿ ನೋಡಿದ.

"ಇಲಿನಾ ಸಾರ್?"

"ಹೂಂ ಕಣಪ್ಪ. ಇಲಿ."

ಅವನು ಇನ್ನೊಂದು ಸಲ ಮೇಲೆ ನೋಡಿದ, ಲೋಟ ನೋಡಿದ, ಆಮೇಲೆ ಟೀ ಕುಡಿದ. ಒಳ್ಳೆಯ ಹುಡುಗ. ಗುರುಗಳ ಮನೆಯ ಟೀ ಚೆಲ್ಲಲಿಲ್ಲ.

"ಹೊರಡೋಣ ಸಾರ್, ಎಲ್ರೂ ಕಾಯ್ತಾವ್ರೆ" ಅಂತ ಕೈಹಿಡಿದು ಜೀಪಿಗೆ ಕೂರಿಸಿದ. ಕೊಟ್ಟಿಗೆಯ ಬಾಗಿಲು ಎಳೆದುಕೊಂಡೆ. ಹಾಲಮ್ಮ ಬಂದೇ ಬರುತ್ತಾಳೆ, ಇಳಿಸಿಕೊಂಡು ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತಾಳೆ ಅಂದುಕೊಂಡೆ. ಇದು ಸಹಜವಾದ ಊಹೆ.

ಭಾಷಣದಲ್ಲಿ ಬೇರೆ ದೇಶದ ಕಾರ್ಖಾನೆಗಳ ಮಾತೂ ಬಂತು, ತಪಾಸಣೆಯವರು ಬಂದಾಗ ಮಾಲೀಕರು ಮಕ್ಕಳನ್ನು ಮೂಲೆಯಲ್ಲಿ ಅಡಗಿಸಿಡುತ್ತಿದ್ದ ವಿಚಾರ. ಅದಕ್ಕೇ ಎಲ್ಲಕ್ಕಿಂತ ಹೆಚ್ಚು ಚಪ್ಪಾಳೆ. ಆಮೇಲೆ ಹಾರ, ಊಟ, ಶಾಲಾ ಮಕ್ಕಳ ಜಾಥಾ, ಮತ್ತೆ ಫೋಟೋ. ಎದ್ದು ಹೋಗುವುದು ಹೇಗೆ? ನಾನು ಮುಖ್ಯ ಭಾಷಣಕಾರ.

ಬಂದಾಗ ಬಿಸಿಲು ಇಳಿಮುಖವಾಗಿತ್ತು. ಕೊಟ್ಟಿಗೆಯ ಬಾಗಿಲು ನಾನು ಎಳೆದುಕೊಂಡ ಹಾಗೇ ಇತ್ತು. ಏಣಿ ಮಲಗಿಸಿದ ಜಾಗದಲ್ಲೇ ಇತ್ತು.

ಏಣಿ ತಂದಿಟ್ಟು, ಕರೆದೆ. ಇಳಿದಳು. ಶೀಟಿನ ಕಾವಿಗೆ ಮುಖ ಬೇಯಿಸಿದ ಗೆಣಸಿನ ಹಾಗಾಗಿತ್ತು. ಚೊಂಬು ಎತ್ತಿ ಕುಡಿದಳು, ಮತ್ತೆ ತುಂಬಿಸಿ ಕುಡಿದಳು. ಆಮೇಲೆ ಕೇಳಿದಳು.

"ಜೀಪು ಹೋಯ್ತಾ ಸಾರ್?"

"ಅಜ್ಜಿ ಬರ್ಲಿಲ್ವಾ ಮಗಾ?"

"ಬಂದಿತ್ತು. ಅಂಗಳದಲ್ಲಿ ನಿಂತ್ಕೊಂಡು ಕೂಗ್ತು. ನೀವು ಕರೀಲಿಲ್ಲವಲ್ಲ, ಅದಕ್ಕೆ ಸುಮ್ನಿದ್ದೆ."

ನಾನು ಏನೋ ಹೇಳಲು ಹೋದೆ. ಅವಳೇ ಮುಂದುವರಿಸಿದಳು. "ಸುಮ್ನೆ ಯಾಕೆ ಕೂರೋದು ಅಂತ ಎಲ್ಲಾನೂ ನೋಡ್ಬುಟ್ಟೆ ಸಾರ್. ಲೊಡಲೊಡ ಅನ್ನೋವು ಬಾಯತ್ರ ಇಟ್ಟಿವ್ನಿ. ಸದ್ದಾಗ್ದಂಗೆ ಮೆಲ್ಲಗೆ ಅಲುಗಾಡಿಸ್ದೆ."

ಹಾಲಮ್ಮನ ಮನೆಗೆ ನಾನೇ ಹೋದೆ. ಕೇರಿಯವರಿಗೆಲ್ಲ ಸಕ್ಕರೆ ಹಂಚಿದ್ದಳು. ಬಾಗಿಲು ಮುಚ್ಚಿದ್ದು ನೋಡಿ, ಮೇಷ್ಟರು ಮೊಮ್ಮಗಳನ್ನು ಜೀಪಿನಲ್ಲಿ ಕೂರಿಸಿಕೊಂಡು ಆಗಲೇ ಹೋಗಿದ್ದಾರೆ, ತಾವೇ ನಿಂತು ಸೇರಿಸುತ್ತಾರೆ, ಟ್ರಂಕನ್ನು ಭಾನುವಾರ ಕೊಟ್ಟು ಬಂದರಾಯಿತು ಅಂದುಕೊಂಡಿದ್ದಳು. ನನ್ನ ಹಿಂದೆ ಮೊಮ್ಮಗಳು ನಿಂತದ್ದನ್ನು ನೋಡಿದಳು. ಅವಳ ತಲೆಯಲ್ಲಿದ್ದ ನಾರನ್ನು ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಉತ್ತರ ಹೇಳುತ್ತಿದ್ದೆ, ದಾರಿಯುದ್ದಕ್ಕೂ ಸಿದ್ಧ ಮಾಡಿಕೊಂಡು ಹೋಗಿದ್ದೆ.

ಜೂನ್ 14

ಬೆಳಿಗ್ಗೆ ಹಾಲಮ್ಮ, ಸ್ಪಂದನ ಇಬ್ಬರೂ ಬಸ್ಸಿನಲ್ಲಿ ಹೋಗಿ ಬಂದರು. ಸೀಟು ಬೇರೆ ಮಗುವಿಗೆ ಹೋಗಿದೆ. ಆ ಮಗು ನಿನ್ನೆಯೇ ಬಂದು ಸೇರಿಯೂ ಆಗಿದೆಯಂತೆ. ಯಾರಾದರೂ ದೊಡ್ಡವರಿಂದ ಹೇಳಿಸಿದರೆ ಇನ್ನೊಂದು ಸೀಟಿಗೆ ದಾರಿಯಿದೆಯೇನೋ, ಈ ವಾರದೊಳಗೆ ಆಗಬೇಕು ಅಂದರಂತೆ ಅಲ್ಲಿನವರು.

ಯೋಗೀಶನಿಗೆ ಆ ಶಾಲೆಯ ಮುಖ್ಯಸ್ಥರು ಚೆನ್ನಾಗಿ ಗೊತ್ತು. ಫೋನ್ ಮಾಡಿದೆ.

"ಸಾರ್, ನಾನೇ ಮಾಡೋಣ ಅಂತಿದ್ದೆ. ನಿಮ್ ಭಾಷಣದ ವಿಡಿಯೋ ಎಲ್ಲಾ ಕಡೆ ಓಡಾಡ್ತಾ ಐತೆ. ಜಿಲ್ಲೆಯವ್ರು ಕೇಳಿದ್ರು, ತುಮಕೂರಲ್ಲಿ ನಿಮಗೆ ಸನ್ಮಾನ ಅಂತೆ. ಏನ್ ಸಾರ್, ಏನಾದ್ರೂ ಹೇಳ್ಬೇಕಿತ್ತಾ?"

ಮಗು ಆ ದಿನ ಯಾಕೆ ಬರಲಿಲ್ಲ ಅಂತ ಅವನು ಕೇಳುತ್ತಾನೆ. ಕೇಳಿಯೇ ಕೇಳುತ್ತಾನೆ, ಅದು ಅವನ ಉದ್ಯೋಗ.

"ಏನಿಲ್ಲ ಕಣಪ್ಪ. ಟೀ ಸರಿಯಾಗಿತ್ತಾ ಅಂತ ಕೇಳೋಣ ಅನ್ನಿಸ್ತು."

ಜೂನ್ 15

ಭಾನುವಾರ. ಮತ್ತೆ ಫೋನ್ ಮಾಡಲಿಲ್ಲ. ರಜಾ ದಿನ ಅಧಿಕಾರಿಗಳಿಗೆ ತೊಂದರೆ ಕೊಡಬಾರದು.

ಜೂನ್ 17

ಮಾಡಲಿಲ್ಲ.

ಜೂನ್ 21

ವಾರ ಕಳೆಯಿತು. ಇನ್ನು ಮಾಡಿಯೂ ಪ್ರಯೋಜನವಿಲ್ಲ. ಒಂದು ರೀತಿ ಹಗುರ.

ಗಿರಿಜಾಂಬಿಕಾಗೆ ವಿಷಯವನ್ನು ಹಾಲಮ್ಮ ಹೇಳಿದ್ದಾಳೆ, ನಾನು ಹೇಳಿರಲಿಲ್ಲ. ಇವಳು ಕಾಫಿ ತಂದು ಇಟ್ಟು ಅಲ್ಲೇ ನಿಂತಳು.

"ನಿಮ್ಮ ಪುಸ್ತಕಗಳಲ್ಲಿ ಆ ಮಿಲ್ಲಿನ ಧಣಿಗಳ ಹೆಂಡ್ತೀರ ವಿಷ್ಯ ಏನಾದ್ರೂ ಇದೆಯಾ?"

"ಇಲ್ಲ. ಯಾಕೆ?"

"ಏನಿಲ್ಲ. ಅವರೂ ಹಿಂಗೇ ಹೊತ್ತೊತ್ತಿಗೆ ಕಾಫಿ ತಂದ್ಕೊಡ್ತಿದ್ರೇನೋ ಅನ್ನಿಸ್ತು."

ಲೋಟ ತೆಗೆದುಕೊಂಡು ಹೋದಳು. ನಾನಿನ್ನೂ ಕುಡಿದಿರಲಿಲ್ಲ.

ಅತಿಶಯೋಕ್ತಿ ಅವಳ ತವರಿನ ಗುಣ. ಎಲ್ಲಿ ಮಿಲ್ಲು, ಎಲ್ಲಿ ಅಟ್ಟ. ಅವರು ದುಡ್ಡಿಗೆ ದುಡಿಸಿಕೊಂಡರು. ನಾನು ಮೊಮ್ಮಗಳ ಹಾಗೆ ನೋಡಿಕೊಂಡೆ.

ಜೂನ್ 30

ಸ್ಪಂದನ ಊರಿನ ಶಾಲೆಗೆ ಸೇರಿದ್ದಾಳೆ. ಅದೂ ಶಾಲೆಯೇ, ಅಲ್ಲೂ ಆರನೇ ಕ್ಲಾಸಿದೆ. ಟ್ರಂಕಿನಲ್ಲಿ ಹಾಲಮ್ಮ ರಾಗಿ ತುಂಬಿಟ್ಟಿದ್ದಾಳಂತೆ. ಇಲಿ ಕಾಟ ತಪ್ಪಿತು.

ಶಾಲೆಗೆ ಮುಂಚೆ, ಶಾಲೆ ಬಿಟ್ಟ ಮೇಲೆ ಇಲ್ಲಿಗೆ ಬರುತ್ತಾಳೆ. ನಾನು ಕರೆಸಿದ್ದಲ್ಲ. "ಇನ್ನೇನ್ ಮಾಡೋದು ಮೇಷ್ಟ್ರೇ, ಕೆಲಸಾನಾದ್ರೂ ಕಲೀಲಿ" ಅಂತ ಹಾಲಮ್ಮನೇ ಅಂದಳು. ಅಟ್ಟಕ್ಕೆ ಹೊಸ ಕಾಯಿ ಬಿದ್ದಿದೆ, ಇಲಿ ಕಡಿದದ್ದು, ಕೊಳೆತದ್ದು ತೆಗೆಯಬೇಕು. ಬೀದಿಯಲ್ಲಿ ಅಲೆಯುವುದಕ್ಕಿಂತ ಮೇಲಲ್ಲವೇ. ಮೇಲೆ ಇದ್ದರೆ ಇದ್ದಾಳೆಂದೇ ಗೊತ್ತಾಗುವುದಿಲ್ಲ. ಮೊದಲು ಹಾಡು ಗುನುಗುತ್ತಿದ್ದಳು.

ಆಚಾರಿ ಮತ್ತೆ ಬಂದಿದ್ದ. ಮುಂದಿನ ವರ್ಷ ನೋಡೋಣ ಅಂದೆ.

ನನಗೊಂದು ಹೊಸ ಅಭ್ಯಾಸ ಅಂಟಿಕೊಂಡಿದೆ. ಎಲ್ಲಿಗೆ ಹೊರಟರೂ, ಬಸ್ ಸ್ಟಾಂಡಿಗೆ ಹೋಗಿದ್ದರೂ ವಾಪಸು ಬಂದು ಕೊಟ್ಟಿಗೆಯಲ್ಲಿ ನಿಂತು ಒಮ್ಮೆ ಕೂಗುತ್ತೇನೆ. ಅವಳು ಶಾಲೆಯಲ್ಲಿದ್ದಾಳೆಂದು ಗೊತ್ತಿದ್ದೂ ಕೂಗುತ್ತೇನೆ. ವಯಸ್ಸಾಯಿತು. ಇದರ ಮೇಲೆ ಒಂದು ಅಂಕಣ ಬರೆಯೋಣವೆಂದು ಕೂತೆ. ನಗು ಬರಲಿಲ್ಲ. ಪತ್ರಿಕೆಯವರಿಗೆ ಈ ವಾರ ಬಿಡುವು ಕೇಳಿದ್ದೇನೆ.

ಜುಲೈ 4

ನಾಳೆ ತುಮಕೂರಿನಲ್ಲಿ ಸನ್ಮಾನ. ಗಿರಿಜಾಂಬಿಕಾ ಬರುವುದಿಲ್ಲವಂತೆ, ಕೆಂಕೆರೆಗೆ ಹೋಗಿ ಕೂತಿದ್ದಾಳೆ. ಮನೆಯಲ್ಲಿ ಯಾರೂ ಇರುವುದಿಲ್ಲ. ಈ ಪುಸ್ತಕವನ್ನು ಕೊಟ್ಟಿಗೆಯ ಬೆಂಚಿನ ಮೇಲೇ ಇಟ್ಟು ಹೋಗುತ್ತೇನೆ. ಯಾರ ಕೈಗಾದರೂ ಸಿಕ್ಕರೆ ಓದಿಕೊಳ್ಳಲಿ, ಗುಟ್ಟೇನೂ ಇಲ್ಲ.

ಓದಿದವರು ಒಂದು ಸಣ್ಣ ಉಪಕಾರ ಮಾಡಬೇಕು. ಹೋಗುವ ಮುಂಚೆ ಅಟ್ಟದ ಬಾಯಿಯ ಕೆಳಗೆ ನಿಂತು ಒಂದು ಸಲ ಜೋರಾಗಿ ಸ್ಪಂದನಳ ಹೆಸರು ಹಿಡಿದು ಕರೆಯಿರಿ. ಕೂಗಿದರೂ ಮಾತಾಡದಿರಬಹುದು, ನಾನು ಹೇಳಿದ್ದು ಹಾಗೆ. ಸದಾಶಿವಯ್ಯನವರೇ ಕರೆಯಲು ಹೇಳಿದ್ದಾರೆ ಅನ್ನಿ. ಏಣಿ ಹಿತ್ತಲ ಗೋಡೆಯ ಹಿಂದೆ ಇದೆ.